ಹದಿನಾಲ್ಕನೆಯ ದಿನದ ಹಳದಿ

ಬೋರ್ಡು ಬರೆಯುವವನಿಗೆ ಹಳದಿ ಗೊತ್ತಿರುತ್ತದೆ:
ಕುಂಬಳೆಯ ಮೀನಂಗಡಿಗೆ ಬರೆದ ನಿಂಬೆ ಹಳದಿ,
ಬಂದ್ಯೋಡಿನ ಚಿನ್ನದಂಗಡಿಗೆ ಎರಡು ಕೈ ಹೊಡೆದ ಬಂಗಾರದ ಹಳದಿ,
ಮೈಲುಗಲ್ಲಿನ ತಲೆಗೆ ಸರಕಾರದ ನೀರು ಬೆರೆತ ಹಳದಿ.
ಆದರೆ ವಾರಿಜಳ ಮಡಿಲಲ್ಲಿ
ಹದಿನಾಲ್ಕನೆಯ ದಿನವೂ ಇಳಿಯದೆ ಕೂತ ಈ ಬಣ್ಣ
ನನ್ನ ಯಾವ ಡಬ್ಬಿಯಲ್ಲೂ ಇರಲಿಲ್ಲ.

"ಬಿಸಿಲಿಗೆ ಹಿಡಿ ಮಾರಾಯ, ಹೋಗ್ತದೆ" ಎಂದರು ಅತ್ತೆ.
ಹಿಡಿದೆ. ಏಳರಿಂದ ಏಳೂವರೆ, ಬಾವಿಕಟ್ಟೆಯ ಪಕ್ಕ,
ಒಣಗಲಿಟ್ಟ ಹಪ್ಪಳದ ಹಾಗೆ ಮಗುಚಿ ಮಗುಚಿ.
ಸುಟ್ಟದ್ದು ನನ್ನ ಕತ್ತು.
ಅವನಿಗೆ ಎರಡು ಗುಟುಕು ಹಾಲಿಗೇ ನಿದ್ದೆ.
ಜ್ವರ ಇಲ್ಲ. ಅಳು ಕೂಡ ಸಣ್ಣ,
ಆಚೆ ಮನೆಯ ಮಗು ಅತ್ತಂತೆ.

ಕಾಸರಗೋಡಿನ ಆಸ್ಪತ್ರೆಯಲ್ಲಿ ಡಾಕ್ಟರು
ಹೆಬ್ಬೆರಳು ಒತ್ತಿದರು: ಹಣೆ, ಎದೆ, ಮೊಣಕಾಲು.
ಒತ್ತಿದಲ್ಲೆಲ್ಲ ಕೆಂಪು ಸರಿದು
ಕೆಳಗಿನ ಕೋಟಿಂಗ್ ಕಂಡಿತು.
ನಾನೂ ಹೀಗೇ ನೋಡುತ್ತೇನೆ, ಹಳೇ ಬೋರ್ಡಿನ ಮೂಲೆ ಕೆರೆದು,
ಮೊದಲು ಇಲ್ಲಿ ಯಾರ ಅಂಗಡಿಯಿತ್ತೆಂದು.

"ಮಞ್ಞ ಕುರಞ್ಞಿಲ್ಲ" ಎಂದಳು ಸಿಸ್ಟರ್ ರಂಸೀನ.
ಸುಳ್ಯದ ಕಡೆಯ ಅತ್ತೆಗೆ ಅದು ಮಂಜು ಎಂದು ಕೇಳಿತು.
"ಮೇ ತಿಂಗಳಲ್ಲಿ ಎಂತ ಮಂಜು ಮಗಾ?"
ಯಾರೂ ನಗಲಿಲ್ಲ. ಆಮೇಲೆ ರಂಸೀನಳೇ ನಕ್ಕಳು.

"ಮೂತ್ರ ನೋಡಬೇಕು" ಎಂದರು ಡಾಕ್ಟರು.
ಬಣ್ಣ ಚರ್ಮದಲ್ಲಿ, ಇವರು ನೋಡುವುದು ಎಲ್ಲಿ?
"ಕೆಲವೊಮ್ಮೆ ಸೋಂಕು ಅಲ್ಲಿ ಕೂತು
ಇಲ್ಲಿ ಹಳದಿ ತೋರಿಸ್ತದೆ."
ಗೋಡೆಯ ಬಣ್ಣ ಉಬ್ಬಿದರೆ
ಒಳಗೆಲ್ಲೋ ಪೈಪು ಒಡೆದಿರುತ್ತದೆ.
ಅಷ್ಟು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಅಂಟಿಸಿದ ಚೀಲದ್ದು ಕೆಟ್ಟಿತು, ಚರ್ಮದ ಕೊಳೆ ಸೇರಿತಂತೆ.
ಇನ್ನು ಗಾಳಿಯಲ್ಲೇ ಹಿಡಿಯಬೇಕು,
ಬಟ್ಟೆ ಮುಟ್ಟದ, ಕೈ ಮುಟ್ಟದ ನಾಲ್ಕು ಹನಿ.
ಹಾಲು ಕುಡಿಸಿ ಇಪ್ಪತ್ತು ನಿಮಿಷ.
ವಾರಿಜ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಳು,
ರಂಸೀನ ಕಿಬ್ಬೊಟ್ಟೆಗೆ ಎರಡು ಬೆರಳಲ್ಲಿ ತಟ್ಟಿದಳು,
ಆಮೇಲೆ ಸೊಂಟ ಉಜ್ಜಿದಳು.
ನಾನು ಬಾಟಲಿ ಹಿಡಿದೆ,
ಏಣಿಯ ತುದಿಯಲ್ಲಿ ನಿಂತು 'ಜ್ಞ' ಬರೆಯುವಾಗ
ನಡುಗದ ಕೈ.
ಒಂದು ನಿಮಿಷ. ಐದು. ಮಗು ಆಕಳಿಸಿತು.
ಕೆಮ್ಮು ಬಂತೆಂದು ನಾನು ಮುಖ ತಿರುಗಿಸಿದ್ದೇ
ಬೆಚ್ಚಗೆ ನನ್ನ ಅಂಗಿಯ ಜೇಬಿಗೆ,
ಜೇಬಿನೊಳಗಿನ ಬಸ್ ಟಿಕೆಟಿಗೆ.

ಮತ್ತೆ ಹಾಲು. ಮತ್ತೆ ಇಪ್ಪತ್ತು ನಿಮಿಷ.
ಎರಡೂವರೆಗೆ, ಮಂಗಳೂರಿನ ರೈಲು ಕೂಗುವಾಗ,
ಬಂತು.
ಬಿಲ್ಲಿನ ಹಾಗೆ ಬಾಗಿ, ಟ್ಯೂಬ್‌ಲೈಟಿಗೆ ಮಿಂಚಿ.
ದೇವರ ಮುಂದೆಯೂ ನಾನು
ಅಷ್ಟು ಬಗ್ಗಿ ಕೈ ಚಾಚಿದ್ದಿಲ್ಲ.

ಲೇಬಲ್ ಬರೆಯಲು ಪೆನ್ನು ನನ್ನ ಕೈಗೇ ಕೊಟ್ಟಳು.
ಹೆಸರು?
ಪೇಟೆಯ ಅರ್ಧ ಹೆಸರು ಎರಡೂ ಲಿಪಿಯಲ್ಲಿ ಬರೆದವನು ನಾನು.
ತೊಟ್ಟಿಲ ಶಾಸ್ತ್ರ ಇನ್ನೂ ಆಗಿರಲಿಲ್ಲ.
'ವಾರಿಜಳ ಮಗು' ಎಂದು ಕನ್ನಡದಲ್ಲಿ ಬರೆದೆ,
ಲ್ಯಾಬಿನವನಿಗೆಂದು ಕೆಳಗೆ ಮಲಯಾಳದಲ್ಲಿ.
ಅಷ್ಟು ಸಣ್ಣ ಅಕ್ಷರ ಎಂದೂ ಬರೆದಿರಲಿಲ್ಲ.

ಎರಡು ದಿನ ಬೇಕಂತೆ, ತಟ್ಟೆಯಲ್ಲಿ
ಕಾಣದ್ದು ಬೆಳೆದು ಕಾಣಿಸಲು.
ಕಾಯದೆ ಸೂಜಿ ಶುರುವಾಯಿತು. ನೀಲಿ ದೀಪದ ಕೆಳಗೆ
ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ.
ನನ್ನ ಕಸುಬಿನ ಪ್ರಕಾರ
ನೀಲಿ ಬಿದ್ದರೆ ಹಳದಿ ಹಸಿರಾಗಬೇಕು.
ಆಗಲಿಲ್ಲ.

ಬುಧವಾರ ಕಾಗದ ಬಂತು: ಬೆಳೆದಿದೆ, ಲಕ್ಷಕ್ಕೂ ಮೇಲೆ,
ಯಾವ ಮದ್ದಿಗೆ ಸಾಯುತ್ತದೆಂಬ ಪಟ್ಟಿ ಸಹಿತ.
"ಲಕ್ಷ ಅಂದ್ರೆ ರೂಪಾಯಿಯಾ?" ಅತ್ತೆಗೆ ಗಾಬರಿ.
ಅದುವರೆಗೆ ಅಳದ ವಾರಿಜ
ಅದಕ್ಕೆ ಅತ್ತಳು, ನಗುತ್ತಲೇ.

ಈಗ ಪಾದ ತಿಳಿಯಾಗಿದೆ. ಮೊಣಕಾಲೂ.
ಮುಖದಲ್ಲಿ ಉಂಟು ಸ್ವಲ್ಪ, ಕಣ್ಣಿನ ಬಿಳಿಯಲ್ಲಿ ಉಂಟು.
ಸೂಜಿ ಇನ್ನೂ ನಾಲ್ಕು ದಿನ.
ನಿನ್ನೆ ನಡುರಾತ್ರಿ ಹಸಿವಿಗೆ
ವಾರ್ಡೆಲ್ಲ ಏಳುವ ಹಾಗೆ ಕಿರುಚಿದ.
ಕತ್ತಲಲ್ಲಿ ಯಾರೋ ಮಲಯಾಳದಲ್ಲಿ ಬೈದರು.
ನಾನು ಆ ದನಿಯ ಕಡೆಗೆ ತಿರುಗಿ
ಕೈ ಮುಗಿದೆ.